ಸಾಲ್ವಡಾರ್‌ನಲ್ಲಿ ನಾನು ಒಲೆ ಹಚ್ಚುವುದಿಲ್ಲ

ಪ್ರವಾಸ ಹೋಗುವುದೆಂದರೆ ನಮ್ಮವರ ಪಾಲಿಗೆ ಅಡುಗೆಮನೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವುದು ಎಂದೇ ಅರ್ಥ. ಬೇರೆ ಜನ ಹೊರಡುವಾಗ ಕ್ಯಾಮೆರಾ, ತಂಪು ಕನ್ನಡಕ, ಈಜುವ ಬಟ್ಟೆ ಎಂದು ತುಂಬಿಕೊಳ್ಳುತ್ತಾರಂತೆ. ನಾವು ಮೊದಲು ರೈಸ್ ಕುಕ್ಕರ್ ಇಟ್ಟು, ಅದರ ಹೊಟ್ಟೆಯೊಳಗೆ ಸಾರಿನ ಪುಡಿ, ಪಕ್ಕದಲ್ಲಿ ಪುಳಿಯೋಗರೆ ಗೊಜ್ಜು, ಸಂದಿಯಲ್ಲಿ ಹಪ್ಪಳ ತುರುಕಿ, ಆಮೇಲೂ ಜಾಗ ಉಳಿದರೆ ಬಟ್ಟೆ ಇಡುತ್ತೇವೆ. ಅಮೆರಿಕಕ್ಕೆ ಬಂದ ಮೇಲೆ ನೋಡಬೇಕಾದ ಜಾಗಗಳನ್ನೆಲ್ಲ ನೋಡಿದ್ದೇನೆ ಎಂದು ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಅಲ್ಲೆಲ್ಲ ನಾನು ಹೆಚ್ಚಾಗಿ ನೋಡಿದ್ದು ಒಲೆಗಳನ್ನು. ನಯಾಗರದ ಹತ್ತಿರ ನಾವು ಉಳಿದುಕೊಂಡ ಮನೆಯ ಒಲೆ ಒಂದು ಕಡೆಗೆ ವಾಲಿತ್ತು, ಹುಳಿಯೆಲ್ಲ ಪಾತ್ರೆಯ ಎಡಗಡೆಗೇ ಬಂದು ನಿಲ್ಲುತ್ತಿತ್ತು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಲಪಾತ ಮಾತ್ರ ಅಷ್ಟು ಸರಿಯಾಗಿ ನೆನಪಿಲ್ಲ.

ಒಲೆಯಿಲ್ಲದ ಹೋಟೆಲಿಗೆ ಹೋದಾಗಲೂ ನಾನು ಪಾರಾಗಲಿಲ್ಲ. ಮಗಳು ಚಿಕ್ಕವಳಿದ್ದಾಗ ಒರ್ಲ್ಯಾಂಡೋಗೆ ಹೋಗಿದ್ದೆವು. ನಮ್ಮ ಯಜಮಾನರು ಸೂಟ್‌ಕೇಸಿನ ತಳದಿಂದ ಒಂದು ಪುಟ್ಟ ಕರೆಂಟ್ ಒಲೆ ತೆಗೆದು, ಏನೋ ಉಡುಗೊರೆ ಕೊಡುವವರ ಹಾಗೆ ನನ್ನ ಕೈಗಿಟ್ಟರು. ಬಚ್ಚಲುಮನೆಯ ಫ್ಯಾನಿನ ಕೆಳಗೆ ಕೂತು ನಾನು ಸಾರಿಗೆ ಒಗ್ಗರಣೆ ಹಾಕಿದ್ದೇ ತಡ, ಹೊಗೆ ಅಲಾರಂ ಇಡೀ ಕಟ್ಟಡಕ್ಕೆ ಕೇಳುವಂತೆ ಹೊಡೆದುಕೊಂಡಿತು. ಈಜುಕೊಳದಲ್ಲಿದ್ದವರೆಲ್ಲ ಒದ್ದೆ ಮೈಯಲ್ಲೇ ಪಾರ್ಕಿಂಗ್ ಲಾಟಿಗೆ ಓಡಿ ಬಂದು ನಿಂತರು. ಅಗ್ನಿಶಾಮಕದವರು ಬಂದು ಏನು ಸುಟ್ಟಿತು ಎಂದು ಕೇಳಿದಾಗ ಇವರು ಸ್ವಲ್ಪವೂ ನಾಚಿಕೆಯಿಲ್ಲದೆ, "ಮಸ್ಟರ್ಡ್ ಸೀಡ್ಸ್, ಸರ್," ಎಂದರು. ನಾನು ಕಾರಿನ ಹಿಂದೆ ಅವಿತು ನಿಂತಿದ್ದೆ. ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ಖುಷಿಯಿಂದ ಇಳಿದು ಹೋಗುತ್ತಿದ್ದೆ.

ನಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಅವರನ್ನು ರಾಕ್ಷಸ ಎಂದುಕೊಂಡೀರಿ. ಶ್ರೀಕಂಠ ಎಂದು ಹೆಸರು, ಸೇತುವೆ ಡಿಸೈನ್ ಮಾಡುವ ಇಂಜಿನಿಯರು, ಇನ್ನೊಬ್ಬರ ಮನಸ್ಸು ನೋಯಿಸಿದವರಲ್ಲ. ಬಟ್ಟೆ ಒಗೆಯುತ್ತಾರೆ, ಹಿಮ ಬಿದ್ದರೆ ನಮ್ಮದಷ್ಟೇ ಅಲ್ಲದೆ ಪಕ್ಕದ ಮನೆಯ ಮುಂದಿನದನ್ನೂ ಎತ್ತಿ ಹಾಕುತ್ತಾರೆ. ಆದರೆ ರಾತ್ರಿ ಅನ್ನ, ಸಾರು, ಮೇಲೊಂದು ಚೂರು ತುಪ್ಪ ಬೀಳದಿದ್ದರೆ ಅವರ ಮುಖ ನೋಡಲಾಗದು. ಸಿಟ್ಟು ಮಾಡುವುದಿಲ್ಲ, ಬೈಯುವುದಿಲ್ಲ. "ಪರವಾಗಿಲ್ಲ ಬಿಡು, ಒಂದು ಬಾಳೆಹಣ್ಣು ತಿಂದ್ಕೋತೀನಿ," ಎನ್ನುತ್ತಾರೆ. ಆ ಬಾಳೆಹಣ್ಣು ಸುಲಿಯುವ ರೀತಿ ನೋಡಿದರೆ ಕಲ್ಲೆದೆಯವರೂ ಎದ್ದು ಕುಕ್ಕರ್ ಇಡಬೇಕು. ಹೀಗೆ ನಾನು ಬೈಗುಳವಿಲ್ಲದೆ, ಬಲವಂತವಿಲ್ಲದೆ, ಬಾಳೆಹಣ್ಣಿಗೆ ಹೆದರಿಕೊಂಡೇ ಇಷ್ಟು ವರ್ಷ ಅಡುಗೆ ಮಾಡಿಕೊಂಡು ಬಂದಿದ್ದೇನೆ.

ಬ್ರೆಜಿಲಿನ ಹುಚ್ಚು ಹಿಡಿಸಿದವಳು ಲೂಸಿಯಾನಾ. ಮ್ಯಾನ್‌ಹಟನ್ನಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು, ಸಾಲ್ವಡಾರ್ ಎಂಬ ಊರಿನವಳು. ಸಾಲ್ವಡಾರ್ ಎಂದರೆ ಬ್ರೆಜಿಲಿನ ಸಮುದ್ರದಂಡೆಯ ಹಳೆಯ ಪಟ್ಟಣ. ತೆಂಗಿನಮರ, ಬಣ್ಣಬಣ್ಣದ ಮನೆಗಳು, ಏರು ಬೀದಿಗಳು, ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಓಡಾಡಲು ಒಂದು ದೊಡ್ಡ ಲಿಫ್ಟು. ಒಂದು ದಿನ ಮಧ್ಯಾಹ್ನ ನಾನು ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿನ್ನುತ್ತಿದ್ದಾಗ ಅವಳು ಅವರಮ್ಮನ ಫೋಟೋ ತೋರಿಸಿದಳು. ನನಗಿಂತ ದೊಡ್ಡ ಹೆಂಗಸು, ಸಮುದ್ರದ ದಂಡೆಯಲ್ಲಿ ಕಾಲು ಚಾಚಿ ಕೂತು, ಎಳನೀರು ಹಿಡಿದು ನಗುತ್ತಿದ್ದರು. "ರಜ ಬಂದರೆ ನಮ್ಮಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ. ಬೇಕಾದವರು ಬೀದಿಯಲ್ಲಿ ತಿಂದುಕೊಳ್ಳಬೇಕು," ಎಂದಳು ಲೂಸಿಯಾನಾ. ನಾನು ಆ ಫೋಟೋವನ್ನೇ ನೋಡುತ್ತಾ ಕೂತೆ. ಅವರ ಮುಖದಲ್ಲಿ ಅನ್ನಕ್ಕೆ ನೀರು ಎಷ್ಟಿಟ್ಟೆ ಎಂಬ ಯೋಚನೆಯ ಸುಳಿವೇ ಇರಲಿಲ್ಲ. ನಗಬೇಡಿ, ಡಬ್ಬಿಯ ಚಿತ್ರಾನ್ನವನ್ನು ಅರ್ಧಕ್ಕೇ ಮುಚ್ಚಿಟ್ಟೆ.

ಅವತ್ತು ಸಂಜೆ ಮನೆಯ ಹತ್ತಿರದ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲಿಳಿದು ಕಾರು ಹತ್ತುವಷ್ಟರಲ್ಲಿ ನನ್ನ ತೀರ್ಮಾನ ಗಟ್ಟಿಯಾಗಿತ್ತು. ಮನೆಗೆ ಬಂದವಳೇ, ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ರೀ, ಡಿಸೆಂಬರ್‌ನಲ್ಲಿ ಹತ್ತು ದಿನ ಬ್ರೆಜಿಲ್‌ಗೆ ಹೋಗೋಣ."

ಇವರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಖುಷಿಯಾಗಿಯೇ, "ಹೋಗೋಣ ಬಿಡು. ಊಟಕ್ಕೇನು ಮಾಡೋದು?" ಎಂದರು.

ನೋಡಿ, ಯಾಕೆ ಎಂದು ಕೇಳಲಿಲ್ಲ, ಎಷ್ಟು ದೂರ ಎಂದು ಕೇಳಲಿಲ್ಲ. ಆ ದೇಶ ಯಾವ ಖಂಡದಲ್ಲಿದೆ ಎಂಬುದೂ ಬೇಕಾಗಿರಲಿಲ್ಲ.

"ಅಲ್ಲಿ ನಾನು ಒಲೆ ಹಚ್ಚಲ್ಲ," ಎಂದೆ. "ಹತ್ತು ದಿನ. ಒಂದು ಲೋಟ ಕಾಫಿಗೂ ಹಚ್ಚಲ್ಲ. ಒಲೆಯೇ ಇಲ್ಲದ ರೂಮು ಹಿಡೀತೀನಿ. ಕುಕ್ಕರ್ ತೊಗೊಂಡು ಬಂದ್ರೆ ನಾನು ಏರ್‌ಪೋರ್ಟಿಂದಾನೇ ವಾಪಸ್."

"ಆಯ್ತು ಕಣೆ, ನೀನು ಹೇಳಿದ ಹಾಗೇ ಆಗ್ಲಿ," ಎಂದು ಇವರು ಒಪ್ಪಿಯೇಬಿಟ್ಟರು. ಅಷ್ಟು ಬೇಗ ಒಪ್ಪಿದ್ದಕ್ಕೆ ನಾನು ಆಗಲೇ ಅನುಮಾನ ಪಡಬೇಕಿತ್ತು. ಹೆಂಗಸರ ಹಠ ವಾರದೊಳಗೆ ತಾನೇ ಇಳಿಯುತ್ತದೆ ಎಂಬುದು ಇವರ ಲೆಕ್ಕಾಚಾರ. ಸೇತುವೆಗಳ ವಿಷಯದಲ್ಲಿ ಇವರ ಲೆಕ್ಕಾಚಾರ ತಪ್ಪುವುದಿಲ್ಲ, ನನ್ನ ವಿಷಯದಲ್ಲಿ ತಪ್ಪಿತು.

ಹೋಟೆಲು ಹುಡುಕಲು ಕೂತಾಗ ಗೊತ್ತಾಯಿತು, ಈ ಪ್ರಪಂಚವೇ ನನಗೆ ಅಡುಗೆ ಮಾಡಿಸಲು ಹೊಂಚು ಹಾಕಿಕೊಂಡು ಕೂತಿದೆ ಎಂದು. ಆ ಹೋಟೆಲು ಹುಡುಕುವ ವೆಬ್‌ಸೈಟುಗಳಲ್ಲಿ ಅಡುಗೆಮನೆ ಬೇಕು ಎಂದು ಒತ್ತಲು ಒಂದು ಗುಂಡಿ ಇರುತ್ತದೆ. ಅಡುಗೆಮನೆ ಬೇಡ ಎಂದು ಒತ್ತಲು ಗುಂಡಿಯೇ ಇಲ್ಲ. ಕೊನೆಗೆ ಹಳೆಯ ಊರಿನ ನಡುವೆ ಒಂದು ಪುಟ್ಟ ಹೋಟೆಲು ಮನಸ್ಸಿಗೆ ಬಂತು. ನೀಲಿ ಬಾಗಿಲು, ಕಿಟಕಿಯಾಚೆ ಸಮುದ್ರ. ಫೋಟೋಗಳಲ್ಲಿ ಒಲೆ ಕಾಣಲಿಲ್ಲ, ಆದರೆ ಫೋಟೋ ನಂಬಿ ಕೆಟ್ಟವಳು ನಾನು. ಹಾಗಾಗಿ ಆಫೀಸಿನಿಂದ ಫೋನನ್ನೇ ಮಾಡಿದೆ. ಆ ಕಡೆಯ ಹುಡುಗನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ರೂಮಿನಲ್ಲಿ ಒಲೆ ಇದೆಯೇ?" ಎಂದು ಕೇಳಿದೆ. ಪಾಪ, ಅವನು ತುಂಬ ನೊಂದುಕೊಂಡು, ಇಲ್ಲ ಮೇಡಂ, ಕ್ಷಮಿಸಿ, ಎಂದ. ನಾನು ಸಮಾಧಾನದಿಂದ ಉಸಿರು ಬಿಟ್ಟೆ. ಆ ಉಸಿರನ್ನು ಅವನು ನಿರಾಸೆ ಎಂದುಕೊಂಡಿರಬೇಕು. ಒಂದು ನಿಮಿಷ ಎಂದು ಹೇಳಿ ಯಾರನ್ನೋ ಕೇಳಿ ಬಂದು, ಮೇಡಂ, ನಿಮಗೋಸ್ಕರ ಒಲೆಯಿರುವ ರೂಮನ್ನೇ ಕೊಡುತ್ತೇವೆ, ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ ಎಂದ! ಬೇಡಪ್ಪ, ಬೇಡ ಎಂದರೆ ಸಂಕೋಚ ಪಡುತ್ತಿದ್ದೇನೆ ಎಂದುಕೊಂಡು ಇನ್ನೂ ಒತ್ತಾಯ ಮಾಡುತ್ತಾನೆ. ನಮ್ಮ ಕಡೆ ಎರಡನೇ ಸಲ ಹೋಳಿಗೆ ಬಡಿಸುವವರ ಹಾಗೆ ಆಡಿದ. ಕಡೆಗೆ ಲೂಸಿಯಾನಾ ಫೋನು ಕಿತ್ತುಕೊಂಡು ಅವರ ಭಾಷೆಯಲ್ಲಿ ಏನೋ ಹೇಳಿದಳು. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. ಏನೆಂದೆ ಎಂದು ಕೇಳಿದರೆ, "ಈ ಹೆಂಗಸನ್ನು ಒಲೆ ಕಾಣುವ ಕಡೆ ಇಡಬೇಡ, ಓಡಿಹೋಗುತ್ತಾಳೆ ಎಂದೆ," ಎಂದಳು.

ವೀಸಾದ ವಿಷಯದಲ್ಲಿ ನನ್ನ ಅದೃಷ್ಟ ಚೆನ್ನಾಗಿತ್ತು ಎನ್ನಬೇಕು. ಇವರದು ಅಮೆರಿಕದ ಪಾಸ್‌ಪೋರ್ಟು, ನನ್ನದು ಇನ್ನೂ ಇಂಡಿಯಾದ್ದೇ. ಇವರಿಗೆ ಕೂತ ಜಾಗದಲ್ಲೇ ಕಂಪ್ಯೂಟರಿನಲ್ಲಿ ಬಂತು. ನಾನು ಮಾತ್ರ ಫೋಟೋ, ಬ್ಯಾಂಕಿನ ಕಾಗದ, ಎಲ್ಲಿ ಉಳಿಯುತ್ತೇನೆ ಎಂಬುದಕ್ಕೆ ಸಾಕ್ಷಿ ಎಲ್ಲ ಹೊತ್ತುಕೊಂಡು ನ್ಯೂಯಾರ್ಕಿನ ಕಾನ್ಸುಲೇಟಿಗೆ ಓಡಾಡಿದೆ. ಆದರೆ ಅದರಿಂದ ನನಗೊಂದು ಅಸ್ತ್ರ ಸಿಕ್ಕಿತು. ಇವರು ಒಂದು ದಿನ ಮೆತ್ತಗೆ, "ಲೇ, ಆ ಹೋಟೆಲ್ ಬದಲು ಒಂದು ಅಪಾರ್ಟ್‌ಮೆಂಟ್ ನೋಡಿದ್ರೆ ಹೇಗೆ? ವಾಷಿಂಗ್ ಮಷೀನೂ ಇರುತ್ತೆ," ಎಂದು ರಾಗ ತೆಗೆದರು. ವಾಷಿಂಗ್ ಮಷೀನಿನ ಹಿಂದೆ ಯಾವುದು ನಿಂತಿದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. "ಸರ್ಕಾರಕ್ಕೇ ಬರೆದುಕೊಟ್ಟಾಗಿದೆ ರೀ. ಈಗ ಬದಲಾಯಿಸಿದ್ರೆ ಇಂಟರ್‌ನ್ಯಾಷನಲ್ ತೊಂದರೆ," ಎಂದುಬಿಟ್ಟೆ. ಇವರು ಕಾನೂನಿಗೆ ಹೆದರುವ ಮನುಷ್ಯ, ಸುಮ್ಮನಾದರು.

ಇಷ್ಟೆಲ್ಲ ಜಾಣತನ ತೋರಿಸಿದ ನಾನು ಮಾಡಬಾರದ ತಪ್ಪೊಂದನ್ನು ಮಾಡಿದೆ. ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಬಾಯಿಬಿಟ್ಟೆ. ಗಣಪತಿಯ ದರ್ಶನ ಮುಗಿಸಿ, ದೋಸೆ ತೆಗೆದುಕೊಂಡು ಕೂತಿದ್ದೆವು. ಎದುರಿಗೆ ನಮ್ಮೂರು ವೆಸ್ಟ್ ವಿಂಡ್ಸರಿನವರೇ ಆದ ಸರೋಜಕ್ಕ ಸಿಕ್ಕರು. ಹುಬ್ಬಳ್ಳಿ ಕಡೆಯವರು, ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ದನಿ. ಇಂಥ ಕಡೆ ಪ್ರವಾಸದ ಸುದ್ದಿ ಎತ್ತಿದರೆ ಅದು ನಮ್ಮ ಪ್ರವಾಸವಾಗಿ ಉಳಿಯುವುದಿಲ್ಲ, ಇಡೀ ಕನ್ನಡ ಸಂಘದ ಪ್ರವಾಸವಾಗುತ್ತದೆ ಎಂದು ಗೊತ್ತಿದ್ದೂ ಹೇಳಿದೆ. ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ.

"ಬ್ರೆಜಿಲ್? ಏನ್ ಜಯಾ, ನಮಗೊಂದ್ ಮಾತ್ ಹೇಳಬಾರದಾ?" ಎಂದರು ಸರೋಜಕ್ಕ. "ನಾವೂ ಬರ್ತೀವಿ ತಗೋ. ಇನ್ನೆರಡು ಮಂದೀನ ಸೇರಿಸೋಣ. ಒಂದು ದೊಡ್ಡ ಮನೀನ ಹಿಡಿಯೋಣ. ದೊಡ್ಡ ಒಲಿ ಇರ್ತಾವ. ನಾ ರೊಟ್ಟಿ ಬಡೀತೀನಿ, ನೀ ಸಾರು, ಪಲ್ಯಾ ನೋಡ್ಕೋ. ಗಂಡಸ್ರು ಬೇಕಾದ್ರ ಊರೆಲ್ಲಾ ನೋಡ್ಕೊಂಡ್ ಬರ್ಲಿ!"

ನಮ್ಮವರ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ನಮ್ಮ ಮದುವೆಯ ಆಲ್ಬಮ್ಮಿನಲ್ಲೂ ನೋಡಿಲ್ಲ. "ಒಳ್ಳೆ ಐಡಿಯಾ ಅಲ್ವೇ ಜಯಾ?" ಎಂದು ನನ್ನ ಕಡೆ ತಿರುಗಿದರು. ನನ್ನ ಕಣ್ಣು ನೋಡಿ ಚಟ್ನಿ ತರುತ್ತೇನೆ ಎಂದು ಎದ್ದು ಹೋದರು.

ಇವರು ಆಚೆ ಹೋದ ಮೇಲೆ ನಾನು ಸರೋಜಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇಜಾರಾಗಬೇಡಿ ಅಕ್ಕಾ, ಈ ಸಲ ನಾನು ಹೋಗುತ್ತಿರುವುದೇ ಒಲೆಯಿಂದ ತಪ್ಪಿಸಿಕೊಳ್ಳಲು, ನಿಮ್ಮ ಜೊತೆ ಬಂದರೆ ಅಲ್ಲಿಯೂ ಅದೇ ಆಗುತ್ತದೆ ಎಂದೆ. ಸರೋಜಕ್ಕ ಕೈ ಒರೆಸಿಕೊಂಡು, ನಾನು ಎಂದೂ ಕೇಳದಷ್ಟು ದನಿ ತಗ್ಗಿಸಿ, "ಹಂಗೂ ಹೋಗಬಹುದೇನವಾ?" ಎಂದರು. "ನನಗಂತೂ ಎಂದೂ ಹೊಳೀಲೇ ಇಲ್ಲ ನೋಡು. ನೀ ಹೋಗಿ ಬಾ. ನಮ್ಮದೇನೂ ಚಿಂತಿ ಮಾಡಬ್ಯಾಡ. ಹೆಂಗಾತು ಅಂತ ಬಂದು ನನಗ ಹೇಳು, ಮುಂದಿನ ವರ್ಷ ನಾನೂ ನೋಡ್ತೀನಿ." ಅವತ್ತಿನಿಂದ ನನ್ನ ಹಠ ನನ್ನದಷ್ಟೇ ಆಗಿ ಉಳಿಯಲಿಲ್ಲ. ಈಗ ಹಿಂದೆ ಸರಿದರೆ ಸರೋಜಕ್ಕನಿಗೆ ಯಾವ ಮುಖ ತೋರಿಸಲಿ?

ಹಾಗೆಂದು ಇವರನ್ನು ಉಪವಾಸ ಕೆಡವುವ ಉದ್ದೇಶ ನನಗಿರಲಿಲ್ಲ. ಆ ಊರಿನಲ್ಲಿ ಸಸ್ಯಾಹಾರಿಗಳು ಏನು ತಿಂದು ಬದುಕಬಹುದು ಎಂದು ರೈಲಿನಲ್ಲಿ ಹೋಗುತ್ತಾ ಬರುತ್ತಾ ಫೋನು ಹಿಡಿದು ಓದಿದೆ. ಫೋನಿನಲ್ಲೇ ಪೋರ್ಚುಗೀಸ್ ಕಲಿಯಲೂ ಶುರು ಮಾಡಿದೆ. 'ಸೆಂ' ಎಂದರೆ ಇಲ್ಲದೆ. ಸೆಂ ಕಾರ್ನಿ, ಮಾಂಸ ಇಲ್ಲದೆ. ಸೆಂ ಪೇಶಿ, ಮೀನು ಇಲ್ಲದೆ. ಸೆಂ ಕಮರಾಂವ್, ಸೀಗಡಿ ಇಲ್ಲದೆ. ಒಂದು ಭಾಷೆಯಲ್ಲಿ ಏನು ಬೇಕು ಎಂದು ಕೇಳಲು ಬಾರದೆ, ಏನೇನು ಬೇಡ ಎಂದಷ್ಟೇ ಹೇಳಲು ಕಲಿತವಳು ನಾನೊಬ್ಬಳೇ ಇರಬೇಕು. ಸಾಲ್ವಡಾರಿನ ಬೀದಿಗಳಲ್ಲಿ ಬಿಳಿ ಲಂಗ ತೊಟ್ಟ ಹೆಂಗಸರು ಎಣ್ಣೆಯಲ್ಲಿ ಕರಿದು ಮಾರುವ ಅಕರಜೆ ಎಂಬ ತಿಂಡಿಯ ವಿಡಿಯೋ ಸಿಕ್ಕಿತು. ಇವರಿಗೆ ತೋರಿಸಿದೆ. ಇವರು ಕನ್ನಡಕ ಏರಿಸಿಕೊಂಡು ನೋಡಿ, "ಅಲಸಂದೆ ರುಬ್ಬಿದ್ದಾರೆ. ಈರುಳ್ಳಿ ಹಾಕಿದ್ದಾರೆ. ಎಣ್ಣೇಲಿ ಬಿಟ್ಟಿದ್ದಾರೆ. ಜಯಾ, ಇದು ವಡೆನೇ ಕಣೆ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಅಷ್ಟರಲ್ಲಿ ವಿಡಿಯೋದಲ್ಲಿದ್ದ ಹೆಂಗಸು ಆ ವಡೆಯನ್ನು ಎರಡು ಹೋಳು ಮಾಡಿ, ನಡುವೆ ಒಂದು ಸೌಟು ಸೀಗಡಿ ತುಂಬಿದಳು. ಇವರು ಮತ್ತೆ ಕುರ್ಚಿಯಲ್ಲಿ ಕೂತರು. ಸೀಗಡಿ ಬೇಡ ಎಂದು ಮೊದಲೇ ಹೇಳಿದರೆ ಬರೀ ವಡೆ ಕೊಡುತ್ತಾರಂತೆ ಎಂದು ನಾನು ಎಷ್ಟು ಹೇಳಿದರೂ ಹೋದ ಕಳೆ ಮುಖಕ್ಕೆ ಮರಳಿ ಬರಲಿಲ್ಲ.

ಅಭ್ಯಾಸವಾಗಲಿ ಎಂದು ಒಂದು ಶನಿವಾರ ಇವರನ್ನು ಹತ್ತಿರದ ನ್ಯೂಅರ್ಕ್ ಪಟ್ಟಣಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬ್ರೆಜಿಲಿನವರು, ಪೋರ್ಚುಗಲ್ಲಿನವರು ತುಂಬಿಕೊಂಡಿರುವ ಒಂದು ಪೇಟೆಯೇ ಇದೆ. ಒಂದು ಹೋಟೆಲು ಹೊಕ್ಕು ಕೂತೆವು. ಮಾಣಿ ಬಂದ ತಕ್ಷಣ ನಾನು ಕಲಿತಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವನು ತುಂಬ ಗೌರವದಿಂದ ಕೇಳಿಸಿಕೊಂಡು, ಅರ್ಥವಾಯಿತು, ಮಾಂಸವೇ ಇಲ್ಲ, ಬರೀ ಚಿಕನ್ ಮಾಡಿಸಿಕೊಡುತ್ತೇನೆ ಎಂದ. ಕೋಳಿಯನ್ನು ಮಾಂಸದ ಪಟ್ಟಿಯಿಂದ ಯಾವಾಗ ತೆಗೆದುಹಾಕಿದರೋ ನನಗೆ ತಿಳಿಯದು. ಮತ್ತೆ ವಿವರಿಸಿದೆ. ಅವನು ನಮ್ಮಿಬ್ಬರನ್ನೂ ಕಾಯಿಲೆಯವರನ್ನು ನೋಡುವ ಹಾಗೆ ನೋಡಿ ಒಳಗೆ ಹೋದ. ಕೊನೆಗೆ ಬಂದದ್ದು ಅನ್ನ, ಸಣ್ಣಗೆ ಹೆಚ್ಚಿ ಹುರಿದ ಸೊಪ್ಪು, ಕರಿದ ಬಾಳೆಹಣ್ಣು, ಮರಗೆಣಸಿನ ಹುರಿದ ಹಿಟ್ಟು. ನನಗೆ ಬಹಳ ಹಿಡಿಸಿತು, ತಟ್ಟೆ ಖಾಲಿ ಮಾಡಿದೆ. ಇವರು ಆ ಬಾಳೆಹಣ್ಣನ್ನು ನೋಡಿ, "ಇಲ್ಲೂ ಬಾಳೆಹಣ್ಣೇ ಗತಿ," ಎಂದು ನಿಟ್ಟುಸಿರು ಬಿಟ್ಟರು. ಮನೆ ಹತ್ತಿರ ಬಂದಾಗ, "ನ್ಯೂಅರ್ಕಲ್ಲೇ ಹೀಗಾದ್ರೆ ಅಲ್ಲಿ ನನ್ನ ಗತಿ ಏನೇ?" ಎಂದರು. ಕೇಳಿ ನನಗೆ ಅಯ್ಯೋ ಎನಿಸಿತು. ಒಂದು ಪುಟ್ಟ ಕುಕ್ಕರ್ ತಂದರೆ ತರಲಿ ಬಿಡು ಎಂದು ನಾಲಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡು ಕೂತೆ.

ಫೋರ್ಟ್ ಲೀಯಲ್ಲಿರುವ ಮಗಳು ಅನುಗೆ ಇವರು ಫೋನು ಮಾಡಿ ದೂರು ಹೇಳಿಕೊಂಡರು. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ಅವಳು ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಎಲ್ಲ ಕೇಳಿಸಿಕೊಂಡು, "ಡ್ಯಾಡ್, ಯು ಬಿಲ್ಡ್ ಬ್ರಿಜಸ್. ಹೌ ಹಾರ್ಡ್ ಕ್ಯಾನ್ ಸಾರು ಬಿ?" ಎಂದಳು.

ಆ ಒಂದು ಮಾತು ಇವರ ತಲೆಯೊಳಗೆ ಹೊಕ್ಕಿತು. ಮಾರನೆಯ ದಿನ ಸಂಜೆ ನಾನು ಕೆಲಸದಿಂದ ಬಂದಾಗ ಇವರು ನನ್ನ ಏಪ್ರನ್ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನೋಡು, ನೀನು ಒಲೆ ಹಚ್ಚಲ್ಲ ಅಂದಿದ್ದೀಯ. ಸರಿ. ನಾನು ಹಚ್ಚಬಾರದು ಅಂತ ಎಲ್ಲೂ ಹೇಳಿಲ್ಲವಲ್ಲ? ಈಗಿಂದ ದಿನಾ ಪ್ರಾಕ್ಟೀಸ್ ಮಾಡ್ತೀನಿ. ಕಲಿತ್ರೆ ಕುಕ್ಕರ್ ನಂದು, ಅಡುಗೆ ನಂದು. ಅಲ್ಲಿ ನೀನು ಸಮುದ್ರ ನೋಡ್ಕೊಂಡು ಕೂತಿರು," ಎಂದರು. ಕುಕ್ಕರಿನ ಷರತ್ತನ್ನು ಜಾಣತನದಿಂದ ಮರೆತು, ಒಲೆಯ ಷರತ್ತನ್ನು ಮಾತ್ರ ಸುತ್ತಿಕೊಂಡು ಬಂದಿದ್ದರು. ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದುಕೊಂಡೆ. ಕಾಫಿ ಲೋಟ ಹಿಡಿದು ನಡುಮನೆಯ ಸೋಫಾದಲ್ಲಿ ಕೂತೆ. ಸಂಜೆ ಹೊತ್ತಿನಲ್ಲಿ ಆ ಸೋಫಾದಲ್ಲಿ ಕೂತು ನನಗೆ ಅಭ್ಯಾಸವೇ ಇಲ್ಲ, ಎಲ್ಲಿ ಕಾಲಿಡಬೇಕು ಎಂದು ಕೂಡ ತಿಳಿಯಲಿಲ್ಲ.

ಒಳಗಿನಿಂದ ಪ್ರಶ್ನೆಗಳು ಬರತೊಡಗಿದವು. "ಜಯಾ, ಒಂದು ಹಿಡಿ ಬೇಳೆ ಅಂದ್ರೆ ಯಾರ ಹಿಡಿ? ನಿಂದಾ, ನಂದಾ?" "ಹುಣಸೆಹಣ್ಣು ನಿಂಬೆಗಾತ್ರ ಅಂದೆ. ಇಲ್ಲಿಯ ನಿಂಬೆನಾ, ಊರಿನ ನಿಂಬೆನಾ?" ಮೊದಲ ದಿನದ ಸಾರು ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಎರಡನೆಯ ದಿನ ಸಾಸಿವೆ ಇದ್ದಿಲಾಯಿತು. ನಾನು ಗೆದ್ದೆ ಎಂದುಕೊಂಡು ಒಳಗೊಳಗೇ ನಕ್ಕೆ. ಆದರೆ ಇವರು ಬಿಡುವವರೇ? ವಾರ ಕಳೆಯುವಷ್ಟರಲ್ಲಿ ಕೈ ಕುದುರಿತು. ಅನ್ನ ಉದುರುದುರಾಗಿ ಬಂತು. ಸಾರಿನ ಘಮ ಸೋಫಾವರೆಗೆ ಬಂದು ನನ್ನನ್ನು ಕೆಣಕಲು ಶುರು ಮಾಡಿತು.

ಆಗ ಶುರುವಾಯಿತು ನೋಡಿ ನನ್ನ ಅವಸ್ಥೆ. ಕೂತರೆ ಕೂರಲಾಗದು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುವುದು, ಇವರ ಬೆನ್ನ ಹಿಂದೆ ನಿಲ್ಲುವುದು. "ಉರಿ ಸಣ್ಣ ಮಾಡಿ." "ಇಂಗು ಈಗಲೇ ಹಾಕಬೇಡಿ." "ಆ ಸೌಟಲ್ಲ ರೀ, ಪಕ್ಕದ್ದು." "ಸಾಸಿವೆ, ಸಾಸಿವೆ, ಸಾಸಿವೆ!" ಇವರು ಪಾಪ, ಮೊದಮೊದಲು ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಆಮೇಲೆ ಅದನ್ನೂ ನಿಲ್ಲಿಸಿದರು. ನಾನು ಒಳಗೆ ಬಂದ ಕೂಡಲೇ ಇವರ ಭುಜಗಳು ಮೇಲಕ್ಕೆ ಏರುತ್ತಿದ್ದವು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಏನು ಹೇಳಲಿ, ನನಗೆ ಹೊಟ್ಟೆಕಿಚ್ಚು. ಯಾವುದರಿಂದ ತಪ್ಪಿಸಿಕೊಳ್ಳಲು ಸಮುದ್ರ ದಾಟಲು ಹೊರಟಿದ್ದೆನೋ, ಅದನ್ನು ಇನ್ನೊಬ್ಬರು ಕೈಯಿಂದ ತೆಗೆದುಕೊಂಡಾಗ ನನ್ನ ಮನೆಯಲ್ಲಿ ನಾನೇ ನೆಂಟಳಾದ ಹಾಗೆ ಅನಿಸತೊಡಗಿತು.

ಹೊರಡಲು ಇನ್ನು ಕೆಲವೇ ದಿನಗಳಿವೆ ಎನ್ನುವಾಗ ಭಾನುವಾರ ಮಧ್ಯಾಹ್ನದ ಊಟಕ್ಕೆ ಅನು ಬಂದಳು. ಇವರೇ ಬಡಿಸಿದರು. ಅವಳು ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, ಕಣ್ಣರಳಿಸಿ, "ಡ್ಯಾಡ್, ದಿಸ್ ಈಸ್ ಸೋ ಗುಡ್! ಜಸ್ಟ್ ಲೈಕ್ ಅಮ್ಮಾಸ್, ಬಟ್ ಲೆಸ್ ಸಾಲ್ಟಿ," ಎಂದಳು. ಲೆಸ್ ಸಾಲ್ಟಿ! ಹುಟ್ಟಿದಾಗಿನಿಂದ ನನ್ನ ಸಾರು ಕುಡಿದು ಬೆಳೆದ ಮಗಳು, ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೇ? ಇವರು ದೊಡ್ಡ ಮನಸ್ಸು ಮಾಡಿ, "ಹಾಗೇನಿಲ್ಲ, ನಿಮ್ಮಮ್ಮಂದೂ ಚೆನ್ನಾಗೇ ಇರುತ್ತೆ," ಎಂದರು. ಆ 'ಚೆನ್ನಾಗೇ' ಎಂಬ ಮಾತು ಉರಿಯುವ ಕಡೆಗೇ ಉಪ್ಪು ಸವರಿತು.

ಅವಳು ಹೋದ ಮೇಲೆ, ಅವತ್ತೇ ಸಂಜೆ, ಇವರು ಮತ್ತೆ ಸಾರಿಗಿಟ್ಟಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಯಾವುದೋ ಪಾರ್ಸೆಲ್ಲು ಬಂತೆಂದು ಆಚೆ ಹೋದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಒಳಗೆ ಹೋದೆ. ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ರುಚಿ ನೋಡಿದೆ. ಚೆನ್ನಾಗಿತ್ತು. ಅದೇ ತೊಂದರೆಯಾಗಿದ್ದು. ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು, ಒಂದು ಚಮಚ ಎತ್ತಿ ಹಾಕಿಯೇಬಿಟ್ಟೆ. ಹಾಕಿ, ಏನೂ ತಿಳಿಯದವಳ ಹಾಗೆ ಸೋಫಾಗೆ ಬಂದು ಕೂತೆ.

ಇವರು ಒಳಗೆ ಹೋದರು. ಸೌಟಿನ ಸದ್ದು ಕೇಳಿಸಿತು. ಆಮೇಲೆ ಒಲೆ ಆರಿಸಿದ ಸದ್ದು. ಏಪ್ರನ್ ಬಿಚ್ಚಿ ಮಡಿಸಿಕೊಂಡು ಬಂದು ನನ್ನೆದುರಿಗೆ ಕೂತರು. ಈಗ ಬೈಯುತ್ತಾರೆ, ಬೈದರೆ ನಾನೂ ನಾಲ್ಕು ಮಾತು ಆಡುತ್ತೇನೆ ಎಂದು ಸಿದ್ಧವಾಗಿ ಕೂತಿದ್ದೆ. ಇವರು ಬೈಯಲಿಲ್ಲ.

"ಜಯಾ, ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಆ ಹೋಟೆಲ್ ರೂಮಲ್ಲಿ ಗ್ಯಾರಂಟಿ ಒಲೆ ಇಲ್ಲ ತಾನೆ?"

"ಇಲ್ಲ ರೀ."

"ಕೆಟಲ್ಲು?"

"ಅದೂ ಇಲ್ಲ."

"ಸದ್ಯ," ಎಂದು ಇವರು ಸೋಫಾಗೆ ಒರಗಿದರು. "ಕುಕ್ಕರ್ ತರಲ್ಲ ಕಣೆ. ಸಾರಿನ ಪುಡೀನೂ ಬೇಡ. ಅಲ್ಲಿ ಏನು ಸಿಗುತ್ತೋ ಅದನ್ನೇ ತಿಂತೀನಿ, ಬಾಳೆಹಣ್ಣಾದ್ರೂ ಸರಿ. ನನಗೂ ಒಂದು ಹತ್ತು ದಿನ ರೆಸ್ಟ್ ಬೇಕು."

"ಅಡುಗೆಯಿಂದಾನಾ?" ಎಂದು ಕೇಳಿದೆ.

"ಅಡುಗೆಯಿಂದ ಅಲ್ಲ," ಎಂದರು. ಮಡಿಸಿದ ಏಪ್ರನ್ನನ್ನು ನನ್ನ ಕೈಗಿಟ್ಟರು. ಆ ಸಾರಿಗೆ ಇನ್ನಷ್ಟು ನೀರು, ಇನ್ನಷ್ಟು ಬೇಳೆ ಸೇರಿಸಿ ಇಬ್ಬರೂ ಎರಡು ದಿನ ಅದನ್ನೇ ಉಂಡೆವು.

ಈ ಗುರುವಾರ ವಿಮಾನ ಹತ್ತುತ್ತೇವೆ. ಸೂಟ್‌ಕೇಸಿನಲ್ಲಿ ಬರೀ ಬಟ್ಟೆಗಳಿವೆ, ಎತ್ತಿದರೆ ಹಗುರವಾಗಿ ಏನೋ ಮರೆತ ಹಾಗೆ ಭಯವಾಗುತ್ತದೆ. ಸುದ್ದಿ ಸರೋಜಕ್ಕನಿಂದ ಎಲ್ಲರಿಗೂ ಹಬ್ಬಿ, ಸಿಕ್ಕಸಿಕ್ಕವರೆಲ್ಲ ನನ್ನ ಕೈ ಹಿಡಿದು, "ಒಳ್ಳೆ ಕೆಲಸ ಮಾಡಿದ್ರಿ, ಪಾಪ, ನಿಮಗೂ ಒಂದಿಷ್ಟು ರೆಸ್ಟ್ ಬೇಕಿತ್ತು ಬಿಡಿ," ಎನ್ನುತ್ತಿದ್ದಾರೆ. ನಾನು ಹೌದು ಹೌದು ಎಂದು ತಲೆಯಾಡಿಸುತ್ತೇನೆ. ಪಕ್ಕದಲ್ಲಿ ನಿಂತ ಇವರು ನನಗಿಂತ ಜೋರಾಗಿ ತಲೆಯಾಡಿಸುತ್ತಾರೆ.